ಹಳೆಯ ಪದ್ಮಿನಿ: ಇದ್ದಂತೆ ಉಳಿಸುವುದೇ, ಹೊಸದಾಗಿಸುವುದೇ, ಮಾರ್ಪಡಿಸುವುದೇ?

ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ತಯಾರಿಸುತ್ತಿದ್ದ ಫಿಯೆಟ್ 1100, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಕಾರು, ಇಂದಿಗೂ ಅನೇಕರ ಮನೆಯ ಶೆಡ್‌ನಲ್ಲಿ ದೂಳು ಹಿಡಿದು ನಿಂತಿದೆ. ಅದನ್ನು ಹೊರತೆಗೆಯಬೇಕೆಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ಪೇಂಟರನ್ನು ಕರೆಸುತ್ತಾರೆ. ಪೇಂಟರ್ ಕೊನೆಗೆ ಬರಬೇಕಾದವನು. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣವನ್ನು ಒಮ್ಮೆ ಉಜ್ಜಿ ತೆಗೆದರೆ ಯಾವ ಹಣಕ್ಕೂ ಅದು ಮರಳಿ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಪರಿಶೀಲನೆ. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿರುವ ಸಂಖ್ಯೆಗಳೊಂದಿಗೆ ಹೋಲಿಸಿ ನೋಡಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣಗೊಂಡಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಡಿಕ್ಕಿಯ ಒಳಗೋಡೆ ಮತ್ತು ಡ್ಯಾಶ್‌ಬೋರ್ಡಿನ ತಳಭಾಗದ ಬಣ್ಣವು ಹೊರಗಿನ ಬಣ್ಣಕ್ಕೆ ಹೊಂದದಿದ್ದರೆ ಕಾರಿಗೆ ಹಿಂದೆ ಬಣ್ಣ ಬದಲಾಗಿದೆ ಎಂದು ತಿಳಿಯಬಹುದು. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಬಾಗಿಲ ಕೆಳಅಂಚು ಹಾಗೂ ಚಕ್ರದ ಕಮಾನುಗಳ ಮೇಲೆ ಸರಿಸಿದಾಗ, ಅದು ಅಂಟದ ಕಡೆಗಳಲ್ಲಿ ತಗ್ಗು, ತೂತು ಮುಚ್ಚುವ ಪುಟ್ಟಿ ದಪ್ಪನಾಗಿ ತುಂಬಿರುವುದು ಬಹುತೇಕ ಖಚಿತ.

ಬಣ್ಣ ಮಾಸಿದ್ದರೂ ಮೂಲದ್ದೇ ಆಗಿದ್ದರೆ, ಸೀಟು, ಮೀಟರು, ಗಾಜುಗಳು ಉಳಿದಿದ್ದರೆ, ಕಾರನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಆಯ್ಕೆ. ಹಾಗೆಂದರೆ ಏನೂ ಮಾಡದಿರುವುದಲ್ಲ: ಬ್ರೇಕಿನ ರಬ್ಬರು, ಪೆಟ್ರೋಲ್ ಹೋಸು, ಟೈರು, ಸುಟ್ಟ ವೈರಿಂಗ್ ಇವೆಲ್ಲ ಹೊಸದಾಗಲೇಬೇಕು. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಹಾಳುಮಾಡುವುದರಿಂದ ಹೋಸಿನ ಜೊತೆಗೆ ಪೆಟ್ರೋಲ್ ಪಂಪಿನೊಳಗಿನ ತೆಳು ಪೊರೆಯಾದ ಡಯಾಫ್ರಮನ್ನೂ ಬದಲಿಸುವುದು ಒಳ್ಳೆಯದು.

ಪೂರ್ಣ ರೆಸ್ಟೋರೇಶನ್, ಅಂದರೆ ಕಾರನ್ನು ಬಿಚ್ಚಿ ಹೊಸದಾಗಿಸುವುದು, ಯಾವಾಗ ಅನಿವಾರ್ಯ ಎಂಬುದನ್ನು ತುಕ್ಕು ನಿರ್ಧರಿಸುತ್ತದೆ. ಪದ್ಮಿನಿಗೆ ಪ್ರತ್ಯೇಕ ಚಾಸಿಸ್ ಚೌಕಟ್ಟಿಲ್ಲ, ಬಾಡಿಯೇ ಭಾರ ಹೊರುತ್ತದೆ. ಆದ್ದರಿಂದ ಬಾಗಿಲುಗಳ ಕೆಳಗಿನ ಪಟ್ಟಿ, ಫ್ಲೋರು ಹಾಗೂ ಸಸ್ಪೆನ್ಷನ್ ಕೂರುವ ಜಾಗಗಳು ತಿಂದುಹೋಗಿದ್ದರೆ ಅದು ಅಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸುರಕ್ಷತೆಯ ಪ್ರಶ್ನೆಯಾಗುತ್ತದೆ. ಅಂಥ ಭಾಗಗಳನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಟಿಂಕರಿಂಗ್ ಕೆಲಸಕ್ಕೇ ಸಮಯ ಮತ್ತು ಹಣದ ದೊಡ್ಡ ಪಾಲು ಹೋಗುತ್ತದೆ, ಎಂಜಿನ್ನಿಗಲ್ಲ. 1089 ಸಿಸಿಯ ಆ ಎಂಜಿನ್ ಬಹಳ ಮೆಕ್ಯಾನಿಕ್‌ಗಳಿಗೆ ಪರಿಚಿತವಾದದ್ದು; ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ತಾಳ್ಮೆಯಿಂದ ವಿಚಾರಿಸುವುದು ಒಳ್ಳೆಯದು. ಬಿಚ್ಚುವ ಮುನ್ನ ಪ್ರತಿ ಭಾಗದ ಚಿತ್ರ ತೆಗೆದು, ಬೋಲ್ಟು ನಟ್ಟುಗಳನ್ನು ಹೆಸರು ಬರೆದ ಚೀಲಗಳಲ್ಲಿ ಇಡದೇ ಹೋದರೆ, ಅರ್ಧಕ್ಕೆ ನಿಂತ ಕಾರನ್ನು ಬೇರೆ ಯಾವ ಮೆಕ್ಯಾನಿಕ್ಕೂ ಮುಟ್ಟಲು ಒಪ್ಪುವುದಿಲ್ಲ. ಖರ್ಚು ಮಾಡಿದ ಹಣ ಮಾರಾಟದಲ್ಲಿ ಮರಳುತ್ತದೆ ಎಂದು ಮಾತ್ರ ನಂಬಬೇಡಿ.

ಮಾರ್ಪಾಡಿನ ವಿಷಯದಲ್ಲಿ ಆಸೆಗಿಂತ ಮೊದಲು ಕಾನೂನನ್ನು ನೋಡಬೇಕು. ತಯಾರಕರು ಮೂಲದಲ್ಲಿ ನಿಗದಿಪಡಿಸಿದ, ಆರ್‌ಸಿಯಲ್ಲಿ ನಮೂದಾಗಿರುವ ವಿವರಗಳಿಂದ ವಾಹನ ಭಿನ್ನವಾಗುವಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅವಕಾಶ ಕೊಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬೇರೆ ಕಂಪನಿಯ ಎಂಜಿನ್ ಕೂರಿಸುವ ಯೋಚನೆಯಿದ್ದರೆ ಗ್ಯಾರೇಜಿಗಿಂತ ಮೊದಲು ಆರ್‌ಟಿಒ ಕಚೇರಿಗೆ ಹೋಗುವುದು ಲೇಸು. 2021ರ ಕೇಂದ್ರ ನಿಯಮಗಳ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಕಾಣದ ಕಾರು ಮಾತ್ರ ವಿಂಟೇಜ್ ನೋಂದಣಿಗೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ಸಂಖ್ಯೆಯಲ್ಲಿ ‘ವಿಎ’ ಅಕ್ಷರಗಳು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ದಿನವೂ ಆಫೀಸಿಗೆ ಓಡಿಸುವವರಿಗೆ ಇದು ಹೊಂದುವುದಿಲ್ಲ.

ದಿನಬಳಕೆಗೆ ಬೇಕಾದ ಹೆಚ್ಚಿನ ಸುಧಾರಣೆಗಳನ್ನು ಏನನ್ನೂ ಕತ್ತರಿಸದೆ ಮಾಡಿಸಬಹುದು: ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಬದಲು ಆಲ್ಟರ್ನೇಟರ್, ಎಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಕಾಂಟ್ಯಾಕ್ಟ್ ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್, ಹೆಡ್‌ಲೈಟಿನ ವಿದ್ಯುತ್ ಹೊರೆಯನ್ನು ಸ್ವಿಚ್ಚಿನಿಂದ ತಪ್ಪಿಸುವ ರಿಲೇ. ಸ್ಟೀರಿಂಗ್ ಬುಡದ ಗೇರ್ ಲಿವರನ್ನು ನೆಲಕ್ಕಿಳಿಸಲು ಫ್ಲೋರು ಕೊರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಪದ್ಮಿನಿ ಓಡಿಸುವ ಸುಖದಲ್ಲಿ ಅರ್ಧ ಸ್ಟೀರಿಂಗ್ ಬುಡದ ಆ ಲಿವರಿನಲ್ಲೇ ಇದೆ. ಬಿಚ್ಚಿದ ಮೂಲ ಭಾಗಗಳನ್ನು ಎಣ್ಣೆ ಸವರಿ ತೆಗೆದಿಟ್ಟು, ಮುಂದೊಂದು ದಿನ ಕಾರು ಮಾರಿದರೆ ಅವುಗಳನ್ನೂ ಕೊಂಡವರಿಗೆ ಒಪ್ಪಿಸಬೇಕು.