ಡಿವಿಡಿ ರೈಟರ್ ಕೊಳ್ಳುವಿರಾ? ‘24 ಎಕ್ಸ್’ ನೋಡಿ ಮರುಳಾಗಬೇಡಿ

ಮೇ ತಿಂಗಳ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಮಳೆ ಹಿಡಿದ ಮೇಲೆ ನಮ್ಮ ಕರಾವಳಿಯ ಮನೆಗಳಲ್ಲಿ ಕಪಾಟು ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಮದುವೆಯ ಸಿಡಿ, ಉಪನಯನದ ಸಿಡಿ, ಹರಕೆ ಆಟದ ರೆಕಾರ್ಡಿಂಗು, ತರವಾಡು ಮನೆಯ ನೇಮದ (ಭೂತಾರಾಧನೆಯ) ವಿಡಿಯೊ ಎಲ್ಲ ಹೊರಬರುತ್ತವೆ. ಕೆಲವಕ್ಕೆ ಆಗಲೇ ಬೂಸ್ಟು ಹಿಡಿದಿರುತ್ತದೆ. ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಿ ಅಣ್ಣತಮ್ಮಂದಿರಿಗೆ ಒಂದೊಂದು ಪ್ರತಿ ಕೊಡೋಣ ಎಂದರೆ ಹೊಸ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಸರಿ, ಫೋನಿನಲ್ಲೇ ಹುಡುಕಿ, ಎಲ್ಲಕ್ಕಿಂತ ಕಡಿಮೆ ಬೆಲೆಯ ರೈಟರ್ ಒಂದನ್ನು ತರಿಸುತ್ತಾರೆ. ಮೊದಲೆರಡು ಡಿಸ್ಕ್ ಚೆನ್ನಾಗಿ ಬರೆಯುತ್ತದೆ, ಮೂರನೆಯದು ಅರ್ಧದಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ. “ಸಿಡಿ ಕಾಲ ಮುಗೀತು ಮಾರಾಯ್ರೆ” ಎಂದು ಅದನ್ನು ಮೇಜಿನ ಡ್ರಾವರಿಗೆ ಹಾಕಿಬಿಡುತ್ತಾರೆ. ಇಂಥ ಡ್ರಾವರುಗಳನ್ನು ನಾನು ತುಂಬ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಂತ 1: ನಿಮಗೆ ಬೇಕಾದದ್ದು ಯಾವುದು?

ಆಸ್ಪತ್ರೆಯವರು ಕೊಟ್ಟ ಎಂಆರ್‌ಐ, ಸಿಟಿ ಸ್ಕ್ಯಾನ್ ಸಿಡಿಯನ್ನು ನೋಡುವುದಷ್ಟೇ ಕೆಲಸವಾದರೆ ಏನನ್ನೂ ಕೊಳ್ಳಬೇಡಿ. ಪಕ್ಕದ ಮನೆಯ ಹಳೇ ಕಂಪ್ಯೂಟರಿನಲ್ಲಿ ಹಾಕಿ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ, ಮುಗಿಯಿತು.

ಬರೆಯಲಿಕ್ಕೂ ಬೇಕು ಎನ್ನುವವರಿಗೆ ಡಿವಿಡಿ ರೈಟರ್ ಸಾಕು. ಸಿಡಿಯಲ್ಲಿ 700 ಎಂಬಿ ಹಿಡಿಸುತ್ತದೆ, ಡಿವಿಡಿಯಲ್ಲಿ 4.7 ಜಿಬಿ. ಕಂಪ್ಯೂಟರಿನಲ್ಲಿ ಅದು 4.38ರ ಆಸುಪಾಸು ಎಂದು ಕಾಣುತ್ತದೆ. ಲೆಕ್ಕ ಹಾಕುವ ಕ್ರಮ ಬೇರೆ ಅಷ್ಟೆ, ಅಂಗಡಿಯವರ ಜತೆ ಜಗಳ ಬೇಡ. ಎರಡು ಪದರದ ಡಿವಿಡಿಯಲ್ಲಿ 8.5 ಜಿಬಿ ಹಿಡಿಸುತ್ತದಾದರೂ ಆ ಡಿಸ್ಕಿಗೆ ಬೆಲೆ ಹೆಚ್ಚು, ಕೆಟ್ಟುಹೋಗುವುದೂ ಹೆಚ್ಚು. ನಾನಾದರೆ ಎರಡು ಸಾಧಾರಣ ಡಿಸ್ಕಿಗೆ ಹಂಚಿ ಬರೆಯುತ್ತೇನೆ.

ಬ್ಲೂ-ರೇ ರೈಟರ್ ಸಿಡಿ, ಡಿವಿಡಿ ಎರಡನ್ನೂ ಬರೆಯುತ್ತದೆ, ಜತೆಗೆ 25 ಜಿಬಿಯ ಡಿಸ್ಕನ್ನೂ. ವಿಡಿಯೊ ತೆಗೆಯುವುದೇ ಕಸುಬಾಗಿರುವವರು ಬೇಕಾದರೆ ಕೊಳ್ಳಲಿ. ಮನೆಗೆ ಬೇಡ ಎಂದೇ ನನ್ನ ಅಭಿಪ್ರಾಯ. ಡಿಸ್ಕ್ ದುಬಾರಿ, ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ ಕಂಪನಿಯೇ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬೇರೆಯವರು ಮಾಡುತ್ತಿದ್ದಾರೆ, ಆದರೆ ನಮ್ಮ ಊರಿನ ಅಂಗಡಿಯಲ್ಲಿ ಕೇಳಿದ ದಿನ ಸಿಗುವ ವಸ್ತು ಅದಲ್ಲ.

ಹಂತ 2: ಒಳಗೆ ಕೂರಿಸುವುದೋ, ಹೊರಗಿಂದ ಚುಚ್ಚುವುದೋ?

ಡೆಸ್ಕ್‌ಟಾಪ್ ಉಂಟೆಂದಾದರೆ ಅದರ ಕ್ಯಾಬಿನೆಟ್ಟಿನ ಮುಂಭಾಗ ನೋಡಿ. ಡಿಸ್ಕ್ ಡ್ರೈವ್ ಕೂರಿಸುವ ಅಗಲದ ಕಿಂಡಿ ಇದ್ದರೆ ಬೇರೆ ಯೋಚನೆಯೇ ಬೇಡ, ಒಳಗೆ ಕೂರಿಸುವ, ಈಗಿನ ಸಪೂರ ಕೇಬಲ್ಲಿನ ಸಾಟಾ ರೈಟರನ್ನೇ ತನ್ನಿ. ಅದರ ಮೋಟಾರು ದೊಡ್ಡದು. ಕರೆಂಟು ನೇರವಾಗಿ ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಯಿಂದ, ಬರುತ್ತದೆ. ಮುಂದೆ ಹಂತ 5ರಲ್ಲಿ ಹೇಳುವ ತಲೆಬಿಸಿಯೆಲ್ಲ ಇದಕ್ಕಿಲ್ಲ. ಗುಜರಿಯಿಂದ ಅಗಲ ಪಟ್ಟಿಯ ಹಳೇ ಐಡಿಇ ಡ್ರೈವ್ ತಂದು, ಅದಕ್ಕೊಂದು ಕನ್ವರ್ಟರ್ ಹಾಕಿಸುವ ಉಸಾಬರಿಗೆ ಮಾತ್ರ ಹೋಗಬೇಡಿ.

ಕಿಂಡಿ ಇಲ್ಲದ ಹೊಸ ಕ್ಯಾಬಿನೆಟ್ಟಿಗೆ, ಲ್ಯಾಪ್‌ಟಾಪಿಗೆ ಯುಎಸ್‌ಬಿ ರೈಟರೇ ಗತಿ. ಟ್ರೇ ಹೊರಬರುವ ಬಗೆಯದನ್ನೇ ಆರಿಸಿ. ಸೀಳಿನೊಳಗೆ ಡಿಸ್ಕ್ ತೂರಿಸುವ ಬಗೆಯದು ನೋಡಲು ಚೆಂದ, ಆದರೆ ಡಿಸ್ಕ್ ಒಳಗೆ ಸಿಕ್ಕಿಕೊಂಡರೆ ಬಿಚ್ಚದೆ ತೆಗೆಯುವುದು ಕಷ್ಟ.

ಹಂತ 3: ಡಬ್ಬದ ಮೇಲಿನ ಅಂಕಿ

‘24 ಎಕ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದು ಬರೆಯುವ ವೇಗ. ಸಿಡಿಗಾದರೆ ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ, ಡಿವಿಡಿಗಾದರೆ ಸುಮಾರು 1.38 ಎಂಬಿ. ಯುಎಸ್‌ಬಿ ರೈಟರ್ ಡಬ್ಬದ ಮೇಲೆ ಕಾಣುವ 24 ಸಾಮಾನ್ಯವಾಗಿ ಸಿಡಿಯದ್ದು; ಡಿವಿಡಿಯನ್ನು ಅದು ಬರೆಯುವುದು 8 ಎಕ್ಸ್‌ನಲ್ಲಿ. ಅದು ದೋಷವೇನಲ್ಲ. ಒಳಗೆ ಕೂರಿಸುವ ರೈಟರ್ ನಿಜಕ್ಕೂ ಡಿವಿಡಿಗೆ 24 ಎಕ್ಸ್ ಮುಟ್ಟಬಹುದು, ಆದರೆ ಡಿಸ್ಕಿನ ಹೊರ ಅಂಚಿಗೆ ಬಂದಾಗ ಮಾತ್ರ. ತುಂಬಿದ ಡಿವಿಡಿಗೆ 16 ಎಕ್ಸ್‌ನಲ್ಲಿ ಐದಾರು ನಿಮಿಷ, 8 ಎಕ್ಸ್‌ನಲ್ಲಿ ಎಂಟು-ಹತ್ತು ನಿಮಿಷ. ಉಳಿದ ಆ ನಾಲ್ಕು ನಿಮಿಷದಲ್ಲಿ ನೀವು ಮಾಡುವುದೇನು, ಒಂದು ಚಾ ಕುಡಿಯುವುದು ತಾನೆ? 16 ಎಕ್ಸ್ ಎಂದು ಬರೆದ ಡಿಸ್ಕನ್ನು ನಾನು 8ರಲ್ಲೇ ಬರೆಯುತ್ತೇನೆ, ನೀವೂ ಹಾಗೇ ಮಾಡಿ.

ಡಬ್ಬದ ಮೇಲೆ ನೋಡಬೇಕಾದ್ದು ಬೇರೆ ಇದೆ. ಬರೆಯುವ ಡಿವಿಡಿಯಲ್ಲಿ ಪ್ಲಸ್ ಆರ್, ಮೈನಸ್ ಆರ್ ಎಂದು ಎರಡು ಬಗೆ; ಎರಡನ್ನೂ ಬರೆಯುತ್ತದೆಯೇ? ಹೆಸರುಳ್ಳ ಕಂಪನಿಯ ರೈಟರ್‌ಗಳೆಲ್ಲ ಬರೆಯುತ್ತವೆ. ‘ಎಂ-ಡಿಸ್ಕ್’ ಗುರುತು ಇದೆಯೇ? ಸಾಧಾರಣ ಡಿವಿಡಿಯಲ್ಲಿ ಬರಹ ಕೂರುವುದು ಬಣ್ಣದ ಪದರದ ಮೇಲೆ. ಸೆಕೆಗೂ ಬೆಳಕಿಗೂ ಆ ಬಣ್ಣ ಕೆಡುತ್ತದೆ. ಎಂ-ಡಿಸ್ಕಿನಲ್ಲಿ ಬಣ್ಣದ ಬದಲು ಖನಿಜದಂಥ ಗಟ್ಟಿ ಪದರ ಇರುತ್ತದೆ, ಅದನ್ನು ಬರೆಯಲು ಲೇಸರಿಗೆ ಹೆಚ್ಚು ಶಕ್ತಿ ಬೇಕು. ಈಗ ಎಂ-ಡಿಸ್ಕ್ ಕೊಳ್ಳದಿದ್ದರೂ ಆ ಗುರುತಿರುವ ರೈಟರನ್ನೇ ಆರಿಸಿಕೊಳ್ಳಿ.

ಹಂತ 4: ಒಳಗೆ ಇರುವುದು ಯಾರದ್ದು?

ಹೆಸರಿಲ್ಲದ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ ಅನೇಕ ಸಲ ಇರುವುದು ಯಾವುದೋ ಹಳೇ ಲ್ಯಾಪ್‌ಟಾಪಿನಿಂದ ಕಳಚಿದ ಡ್ರೈವ್. ಮೇಲೆ ಹೊಸ ಹೊದಿಕೆ, ಒಳಗೆ ವರ್ಷಗಟ್ಟಲೆ ದುಡಿದ ಲೇಸರ್. ಹಾಗಾಗಿ ಕಂಪ್ಯೂಟರಿಗೆ ಚುಚ್ಚಿದ ಕೂಡಲೇ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಡ್ರೈವಿನ ಹೆಸರು ಓದಿ. ‘ಎಚ್‌ಎಲ್-ಡಿಟಿ-ಎಸ್‌ಟಿ’ ಎಂದಿದ್ದರೆ ಅದು ಹಿಟಾಚಿ-ಎಲ್‌ಜಿ, ‘ಪಿಎಲ್‌ಡಿಎಸ್’ ಎಂದಿದ್ದರೆ ಫಿಲಿಪ್ಸ್ ಮತ್ತು ಲೈಟ್-ಆನ್, ‘ಟಿಎಸ್‌ಎಸ್‌ಟಿ’ ಎಂದಿದ್ದರೆ ತೋಶಿಬಾ-ಸ್ಯಾಮ್‌ಸಂಗ್. ಹೊದಿಕೆಯ ಮೇಲಿನ ಹೆಸರಿಗೂ ಒಳಗಿನ ಹೆಸರಿಗೂ ಸಂಬಂಧವೇ ಇಲ್ಲದಿದ್ದರೆ ಹುಷಾರು. ಡ್ರೈವಿನ ಸ್ಟಿಕ್ಕರಿನಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮಂಗಳೂರಿನ ಹಂಪನಕಟ್ಟೆಯಾಗಲಿ ಉಡುಪಿಯ ಕಲ್ಸಂಕವಾಗಲಿ, ಈಗ ಕೇಳುವವರು ಕಡಿಮೆಯಾದ್ದರಿಂದ ಅಂಗಡಿಯ ಮೇಲಿನ ಅಟ್ಟದಲ್ಲಿ ನಾಲ್ಕೈದು ಮಳೆಗಾಲ ಕಂಡ ಡಬ್ಬವೂ ಕೈಗೆ ಬರಬಹುದು. ತೇವ ತಾಗಿದ ರಟ್ಟಿನ ಡಬ್ಬವನ್ನು ತೆಗೆದುಕೊಳ್ಳಬೇಡಿ.

ಹಂತ 5: ಕರೆಂಟು

‘ರೈಟರ್ ಹಾಳಾಗಿದೆ’ ಎಂದು ತರುವವರಲ್ಲಿ ಬಹಳಷ್ಟು ಮಂದಿಯದ್ದು ಇದೇ ಕಥೆ. ರೈಟರನ್ನು ತಿರುವಿ ಅಡಿಯ ಸ್ಟಿಕ್ಕರ್ ನೋಡಿ. 5 ವೋಲ್ಟ್, ಒಂದು ಆಂಪಿಯರ್‌ಗಿಂತ ಹೆಚ್ಚು ಎಂದು ಬರೆದಿರುವುದೇ ಹೆಚ್ಚು. ಯುಎಸ್‌ಬಿ 2 ಪೋರ್ಟು ಕೊಡಬೇಕಾದ್ದು 500 ಮಿಲಿ ಆಂಪಿಯರ್, ನೀಲಿ ನಾಲಗೆಯ ಯುಎಸ್‌ಬಿ 3 ಪೋರ್ಟು 900. ಓದುವಾಗ ಇಷ್ಟು ಸಾಲುತ್ತದೆ. ಡಿಸ್ಕ್ ತಿರುಗಲು ಶುರುವಾಗುವ ಗಳಿಗೆಯಲ್ಲಿ, ಬರೆಯುವಾಗ, ಬೇಡಿಕೆ ಏರುತ್ತದೆ. ಪೋರ್ಟಿಗೆ ಕೊಡಲು ಆಗದಿದ್ದರೆ ‘ಟಿಕ್... ಟಿಕ್’ ಎಂಬ ಸದ್ದು ಬರುತ್ತದೆ, ಲೈಟು ಮಿಣುಕುತ್ತದೆ, ಡ್ರೈವ್ ಕಂಪ್ಯೂಟರಿನಿಂದಲೇ ಮಾಯವಾಗಿ ಮತ್ತೆ ಪ್ರತ್ಯಕ್ಷವಾಗುತ್ತದೆ.

ಆದ್ದರಿಂದ ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟ್ ಬೇಡ, ಹಿಂಭಾಗದ್ದು ಬಳಸಿ. ನಾಲ್ಕು ಬಾಯಿಯ ಯುಎಸ್‌ಬಿ ಹಬ್ಬಿಗೆ ಚುಚ್ಚಬೇಡಿ. ಜತೆಯಲ್ಲಿ ಬಂದ ಗಿಡ್ಡ ಕೇಬಲ್ಲನ್ನೇ ಬಳಸಿ. ಉದ್ದದ ಸಪೂರ ಕೇಬಲ್ಲಿನಲ್ಲಿ ವೋಲ್ಟೇಜು ಸೋರಿಹೋಗುತ್ತದೆ. ಎರಡು ಪಿನ್ನಿನ ಕವಲು ಕೇಬಲ್ ಕೊಟ್ಟಿದ್ದರೆ ಎರಡನ್ನೂ ಚುಚ್ಚಬೇಕು. “ಒಂದರಲ್ಲೇ ಲೈಟ್ ಹತ್ತಿತಲ್ಲಾ” ಎಂದು ಇನ್ನೊಂದನ್ನು ನೇತಾಡಲು ಬಿಡುವವರೇ ಜಾಸ್ತಿ. ಬರೆಯುವಾಗ ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಲಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಗುಡುಗು-ಸಿಡಿಲಿನ ಸಂಜೆ ಬರೆಯಲು ಕೂರಲೇಬೇಡಿ. ಅರ್ಧದಲ್ಲಿ ಕರೆಂಟು ಹೋದರೆ ಒಂದು ಸಲ ಬರೆಯುವ ಡಿಸ್ಕ್ ನೇರ ಕಸದ ಬುಟ್ಟಿಗೆ.

ಹಂತ 6: ಡಬ್ಬ ಬಿಸಾಡುವ ಮೊದಲು ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿ. ನಾಲ್ಕು ಹಾಡು ಬರೆದು, ಅದೇ ರೈಟರಿನಲ್ಲಿ ಹಾಕಿ ಕೇಳಿ, “ಪರ್‌ಫೆಕ್ಟ್” ಎಂದು ಡಬ್ಬ, ಬಿಲ್ಲು ಎಲ್ಲ ಬಿಸಾಡುತ್ತಾರೆ. ಆ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ಡಿಸ್ಕನ್ನು ಬರೆಯುವುದು ನಡುವಿನಿಂದ ಅಂಚಿನ ಕಡೆಗೆ. ನಾಲ್ಕು ಹಾಡು ಎಂದರೆ ನಡುವಿನ ಒಂದು ಸಣ್ಣ ಉಂಗುರ, ಅಷ್ಟೆ. ಬಡಪಾಯಿ ರೈಟರ್ ಸೋಲುವುದು ಅಂಚಿಗೆ ಹೋದಾಗ. ಅಲ್ಲಿ ಡಿಸ್ಕ್ ಅಲುಗಾಡುವುದು ಹೆಚ್ಚು, ಲೆನ್ಸ್ ಗುರಿ ಹಿಡಿದಿಡುವುದು ಕಷ್ಟ. ಆದ್ದರಿಂದ 4.3 ಜಿಬಿಯಷ್ಟು ಫೈಲುಗಳನ್ನು ಸೇರಿಸಿ ಡಿಸ್ಕ್ ಪೂರ್ತಿ ತುಂಬಿಸಿ ಬರೆಯಿರಿ.

ಬರೆಯಲು ‘ಇಮ್‌ಗ್‌ಬರ್ನ್’ (ImgBurn) ಎಂಬ ತಂತ್ರಾಂಶ ಬಳಸಿ. 2013ರ ನಂತರ ಹೊಸ ಆವೃತ್ತಿ ಬಂದಿಲ್ಲ, ಆದರೂ ಕೆಲಸಕ್ಕೆ ಮೋಸವಿಲ್ಲ. ಹಾಕಿಕೊಳ್ಳುವಾಗ ಜತೆಗೆ ಬೇರೇನಾದರೂ ಸೇರಿಸಲೇ ಎಂದು ಕೇಳಿದರೆ ಬೇಡ ಎನ್ನಿ. ಅದರಲ್ಲಿ ‘ವೆರಿಫೈ’ ಎಂಬ ಚೌಕಕ್ಕೆ ಟಿಕ್ ಇರಲಿ. ಬರೆದಾದ ಮೇಲೆ ಡಿಸ್ಕನ್ನು ಪೂರ್ತಿ ಓದಿ ಮೂಲದೊಂದಿಗೆ ತಾಳೆ ನೋಡುತ್ತದೆ. ಸಮಯ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ಆಗಲಿ.

ವಿಂಡೋಸ್‌ನಲ್ಲೇ ಬರೆಯುತ್ತೇನೆ ಎನ್ನುವವರು ಮೊದಲು ಬರುವ ಪ್ರಶ್ನೆಯನ್ನು ಓದಿ ಉತ್ತರಿಸಿ. ಪೆನ್‌ಡ್ರೈವಿನಂತೆ ಬಳಸುವುದೋ, ಸಿಡಿ-ಡಿವಿಡಿ ಪ್ಲೇಯರಿಗಾಗಿಯೋ ಎಂದು ಕೇಳುತ್ತದೆ. ಎರಡನೆಯದನ್ನೇ ಒತ್ತಿ. ಮೊದಲನೆಯದರಲ್ಲಿ ಬರೆದ ಡಿಸ್ಕ್ ಅಜ್ಜಿ ಮನೆಯ ಟಿವಿ ಕೆಳಗಿನ ಪ್ಲೇಯರಿನಲ್ಲಿ ಓಡದೆ ಹೋದರೆ ಬೈಸಿಕೊಳ್ಳುವುದು ಪಾಪದ ರೈಟರ್.

ಆಮೇಲೆ ಆ ಡಿಸ್ಕನ್ನು ಬೇರೊಂದು ಡ್ರೈವಿನಲ್ಲಿ ಹಾಕಿ ಓದಿಸಿ. ಪಕ್ಕದ ಮನೆ, ಆಫೀಸು, ಫೋಟೊ ಸ್ಟುಡಿಯೊ, ಎಲ್ಲಾದರೂ ಸರಿ. ಲೇಸರ್ ಗುರಿ ಸ್ವಲ್ಪ ಓರೆಯಾದ ರೈಟರ್ ತಾನು ಬರೆದದ್ದನ್ನು ತಾನು ಚೆನ್ನಾಗಿಯೇ ಓದುತ್ತದೆ. ಡಾಕ್ಟರರ ಚೀಟಿಯ ಹಾಗೆ, ಬೇರೆಯವರಿಗೆ ತಿಳಿಯುವುದಿಲ್ಲ. ಅಲ್ಲಿ ಬರೇ ತೆರೆದು ನೋಡಿದರೆ ಸಾಲದು. ಎಲ್ಲ ಫೈಲುಗಳನ್ನೂ ಆ ಕಂಪ್ಯೂಟರಿಗೆ ಕಾಪಿ ಮಾಡಿ. ಕೊನೆಯ ಕೆಲವು ಫೈಲುಗಳಲ್ಲಿ ವೇಗ ಕುಸಿದು ಡ್ರೈವ್ ಕೊರ್ರೆನ್ನುತ್ತದೆಯೇ ಎಂದು ಕಿವಿಗೊಡಿ. ಹಾಗಾದರೆ ಬೇರೆ ಬ್ರಾಂಡಿನ ಡಿಸ್ಕಿನಲ್ಲಿ ಮತ್ತೊಮ್ಮೆ ಬರೆಯಿರಿ. ಆಗಲೂ ಅದೇ ಆದರೆ ರೈಟರ್ ವಾಪಸ್.

ಒಂದು ಸಿಡಿಯನ್ನೂ ಬರೆದು ನೋಡಿ. ಸಿಡಿಗೆ 780 ನ್ಯಾನೋಮೀಟರಿನ ಲೇಸರ್, ಡಿವಿಡಿಗೆ 650ರದ್ದು. ಒಂದು ಸತ್ತು ಇನ್ನೊಂದು ಬದುಕಿರುವುದು ಅಪರೂಪವೇನಲ್ಲ. ಡಿವಿಡಿ ಸರಾಗವಾಗಿ ಬರೆದ ರೈಟರ್ ಹಳೇ ಭಜನೆಯ ಸಿಡಿಯನ್ನು ಗುರುತಿಸದೇ ಇರಬಹುದು.

ಡಿಸ್ಕ್ ಕೂರಿಸುವಾಗ ಟ್ರೇಯ ಅಡಿಗೆ ಒಂದು ಕೈ ಕೊಟ್ಟು, ನಡುವಿನ ಗುಬುಟಿನ ಪಕ್ಕ ಎರಡು ಬೆರಳಿಂದ ‘ಟಕ್’ ಎನ್ನುವವರೆಗೆ ಒತ್ತಿ. ಲೆನ್ಸ್ ಅಲ್ಲೇ ತೆರೆದಿರುತ್ತದೆ, ಬೆರಳು ತಾಗಿಸಬೇಡಿ. ಕೆಲವರಿಗೆ ಗಲ್ಫಿನಿಂದ ನೆಂಟರು ತಂದ ಸಿನಿಮಾ ಡಿವಿಡಿ ಹಾಕಿಯೇ ಪರೀಕ್ಷೆ ಮಾಡುವ ಹುಕಿ. ಸಿನಿಮಾ ಡಿವಿಡಿಗಳಿಗೆ ಯಾವ ದೇಶಗಳಲ್ಲಿ ಓಡಬೇಕೆಂಬ ವಲಯದ (ರೀಜನ್) ಬೇಲಿ ಇರುತ್ತದೆ. ಅಲ್ಲಿನದು ವಲಯ 2, ನಮ್ಮದು ವಲಯ 5. ಬದಲಿಸಲೇ ಎಂದು ಕೇಳಿದಾಗೆಲ್ಲ ಹೂಂ ಎನ್ನಬೇಡಿ, ಐದು ಸಲ ಬದಲಾದ ಮೇಲೆ ಡ್ರೈವ್ ಕೊನೆಯದಕ್ಕೇ ಅಂಟಿಕೊಳ್ಳುತ್ತದೆ.

ಹಂತ 7: ಡಿಸ್ಕ್

ಒಳ್ಳೆಯ ಬ್ರಾಂಡಿನದು ಮೊದಲು ಐದೇ ಐದು ತನ್ನಿ. ರೈಟರಿಗೆ ಹೊಂದಿದರೆ ಅದನ್ನೇ ಮತ್ತೆ ತನ್ನಿ. ‘ಮೋಸರ್ ಬೇರ್ ಉಂಟಾ?’ ಎಂದು ಈಗಲೂ ಕೇಳುವವರಿದ್ದಾರೆ. ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು 2018ರಲ್ಲೇ ಆದೇಶವಾಗಿದೆ, ಎಲ್ಲೋ ಉಳಿದ ಹಳೇ ದಾಸ್ತಾನನ್ನು ನೆನಪಿಗಾಗಿ ಕೊಳ್ಳಬೇಡಿ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸುವುದು ಬೇಡ. ನಮ್ಮ ತೇವಕ್ಕೆ ಅಂಚು ಎದ್ದು ಡ್ರೈವಿನೊಳಗೆ ಸಿಕ್ಕಿಕೊಳ್ಳುತ್ತದೆ. ಬಾಲ್‌ಪೆನ್ನೂ ಬೇಡ, ಮಾರ್ಕರ್ ಸಾಕು. ಬ್ರಷ್ ಅಂಟಿಸಿದ ‘ಲೆನ್ಸ್ ಕ್ಲೀನರ್’ ಡಿಸ್ಕನ್ನು ಹೊಸ ರೈಟರಿಗೆ ತೋರಿಸಲೂ ಬೇಡಿ.

ಆಟಿ ತಿಂಗಳ ಜಡಿಮಳೆಯಲ್ಲಿ ರೈಟರನ್ನು ಕಪಾಟಿನೊಳಗೆ ಮರೆತುಬಿಡದೆ, ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಹದಿನೈದು ದಿನಕ್ಕೊಮ್ಮೆ ಯಾವುದಾದರೂ ಡಿಸ್ಕ್ ಹಾಕಿ ಸ್ವಲ್ಪ ಹೊತ್ತು ಓಡಿಸಿ, ತೆಗೆದಿಡುವಾಗ ಡಿಸ್ಕನ್ನು ಒಳಗೆ ಬಿಡಬೇಡಿ. ಬಿಲ್ಲಿನ ಅಕ್ಷರ ಮಾಸುವ ಮೊದಲು ಅದರದ್ದೊಂದು ಫೋಟೊ ಫೋನಿನಲ್ಲಿರಲಿ.