ಮಿಶಿಗನ್‌ಗೆ ಹೊಸದಾಗಿ ಬಂದವರಿಗೆ: ಓಟು, ಪಕ್ಷ, ಸ್ಕೂಲ್ ಬೋರ್ಡು

ನವೆಂಬರ್ ಹತ್ತಿರ ಬಂದರೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಎರಡೇ ಮಾತು. ಒಂದು, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಪುಳಿಯೋಗರೆಯೋ. ಇನ್ನೊಂದು, ಓಟು. ಮೊದಲನೆಯದಕ್ಕೆ ಸಮಿತಿ ಇದೆ. ಎರಡನೆಯದಕ್ಕೆ ಪ್ರತಿ ಸಲ ಅವೇ ಪ್ರಶ್ನೆಗಳು, ಅರ್ಧಂಬರ್ಧ ಉತ್ತರಗಳು. ಅದಕ್ಕೇ ಇದನ್ನು ಬರೆದಿಟ್ಟಿದ್ದೇವೆ.

ಇದು ಮಿಶಿಗನ್‌ಗೆ ಮಾತ್ರ. ಟೆಕ್ಸಸ್‌ನಲ್ಲಿರುವ ಭಾವ ಹೇಳಿದ್ದನ್ನು ಇಲ್ಲಿಗೆ ತರಬೇಡಿ. ಇಡೀ ದೇಶದ ಚುನಾವಣೆ ನಡೆಸುವ ಒಂದೇ ಆಯೋಗ ಇಲ್ಲಿಲ್ಲ. ರಾಜ್ಯಕ್ಕೊಂದು ಕಾನೂನು. ನಮ್ಮಲ್ಲಿ ನಿಜವಾದ ಕೆಲಸ ಮಾಡುವ ಅಧಿಕಾರಿ ನಿಮ್ಮ ಸಿಟಿ ಅಥವಾ ಟೌನ್‌ಶಿಪ್‌ನ ಕ್ಲರ್ಕ್. ಟೌನ್‌ಶಿಪ್ ಆದರೆ ಅವರೂ ಚುನಾವಣೆ ಗೆದ್ದೇ ಬಂದಿರುತ್ತಾರೆ. ಪಟ್ಟಿಗೆ ಹೆಸರು ಸೇರಿಸೋಕೆ ಊರಿನ ಹಾಗೆ ಮೇಷ್ಟ್ರು ಮನೆಗೆ ಬರುವುದಿಲ್ಲ. ಬೆರಳಿಗೆ ಶಾಯಿ ಇಲ್ಲ. ಓಟಿನ ದಿನ ದೇಶಕ್ಕೆಲ್ಲ ರಜೆಯೂ ಇಲ್ಲ. ನವೆಂಬರ್‌ನ ಮೊದಲ ಸೋಮವಾರ ಕಳೆದ ಮಂಗಳವಾರ ಓಟು ಅಂತ 1845ರಲ್ಲಿ ಕಾನೂನು ಮಾಡಿದರು, ಅದೇ ನಡೆದುಕೊಂಡು ಬಂದಿದೆ.

ಸಿಟಿಜನ್ ಅಲ್ಲದವರು ಇದನ್ನು ಎರಡು ಸಲ ಓದಿ

ಎಚ್-1ಬಿ, ಎಚ್-4, ಎಲ್-1, ಎಫ್-1 ವೀಸಾ, ಕಾಯಂ ವಾಸದ ಗ್ರೀನ್ ಕಾರ್ಡ್. ಯಾರಿಗೂ ಓಟಿಲ್ಲ. ಟ್ಯಾಕ್ಸ್ ಕಟ್ಟುತ್ತೀವಲ್ಲ, ಹದಿನೈದು ವರ್ಷ ಆಯ್ತಲ್ಲ ಅನ್ನೋ ವಾದ ಇಲ್ಲಿ ನಡೆಯೋದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಸ್ಥಳೀಯ ಚುನಾವಣೆಯಲ್ಲಿ ಓಟು ಹಾಕಬಹುದು ಅಂತ ಒಂದು ಸಂದೇಶ ಓಡಾಡುತ್ತಿರುತ್ತದೆ. ಅದು ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್‌ನಂಥ ಕೆಲವೇ ಊರುಗಳ ಮಾತು. ಮಿಶಿಗನ್‌ನಲ್ಲಿ ಹಾಗಿಲ್ಲ.

ಅಪಾಯ ಇರುವುದು ಮತಗಟ್ಟೆಯಲ್ಲಲ್ಲ, ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ. ಇಲ್ಲಿ ಲೈಸೆನ್ಸ್ ಕೊಡುವುದೂ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಚುನಾವಣೆ ನೋಡಿಕೊಳ್ಳುವುದೂ ಅದೇ. ಲೈಸೆನ್ಸಿನ ಜೊತೆಗೇ ಮತದಾರರ ನೋಂದಣಿಯನ್ನೂ ಕೇಳಬೇಕು ಅಂತ 1993ರಿಂದ ದೇಶದ ಕಾನೂನೇ ಇದೆ. ಹೊಸಬರು ಏನು ಮಾಡುತ್ತಾರೆ? ಕೌಂಟರಿನವರ ಉಚ್ಚಾರಣೆ ಅರ್ಥ ಆಗಿರುವುದಿಲ್ಲ, ಹಿಂದೆ ಸಾಲು ಬೆಳೆದಿರುತ್ತದೆ, ಕೇಳಿದ್ದಕ್ಕೆಲ್ಲ ಎಸ್ ಎಸ್ ಅನ್ನುತ್ತಾರೆ. ತೋರಿಸಿದ ಕಡೆ ಸಹಿ ಮಾಡುತ್ತಾರೆ. ನಮ್ಮ ಊರಿನ ಮರ್ಯಾದೆ ಇಲ್ಲಿ ಮುಳುವಾಗುತ್ತದೆ.

ಸಿಟಿಜನ್ ಅಲ್ಲದೆ ಓಟು ಹಾಕಿದರೆ ಕೇಸು, ಗಡೀಪಾರು ಎರಡಕ್ಕೂ ದಾರಿ ಇದೆ. ನಾನು ಅಮೆರಿಕದ ಸಿಟಿಜನ್ ಅಂತ ಸುಳ್ಳು ಹೇಳಿಕೆಗೆ ಸಹಿ ಬಿದ್ದರೆ, ಓಟು ಹಾಕದೇ ಇದ್ದರೂ, ಗ್ರೀನ್ ಕಾರ್ಡಿಗೇ ಕುತ್ತು. ಮುಂದೆ ಸಿಟಿಜನ್‌ಶಿಪ್ ಅರ್ಜಿಯಲ್ಲೂ ಎಂದಾದರೂ ನೋಂದಣಿ ಮಾಡಿಸಿದ್ದೀರಾ, ಓಟು ಹಾಕಿದ್ದೀರಾ ಅಂತ ಕೇಳುತ್ತಾರೆ. ಗೊತ್ತಿರಲಿಲ್ಲ ಅಂದರೆ ಬಿಟ್ಟುಬಿಡುತ್ತಾರೆ ಅಂದುಕೊಳ್ಳಬೇಡಿ.

ಆದ್ದರಿಂದ:

- ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳಿ. ಇಲ್ಲಿ ಯಾರೂ ಬೈಯೋದಿಲ್ಲ.
- ಐ ಆ್ಯಮ್ ನಾಟ್ ಎ ಸಿಟಿಜನ್ ಅಂತ ಬಾಯಿಬಿಟ್ಟು ಹೇಳಿ. ಪಾಸ್‌ಪೋರ್ಟ್ ನೋಡಿದ ಮೇಲೂ ಹೇಳಿ.
- ಸಹಿಗೆ ಮುಂಚೆ ಪರದೆಯ ಮೇಲಿರುವುದನ್ನು ಓದಿ.
- ಮಾಲ್ ಮುಂದೆ, ಹಬ್ಬದ ಸ್ಟಾಲ್‌ನಲ್ಲಿ ಫಾರಂ ಹಿಡಿದುಕೊಂಡು ಬಂದರೆ ಫೋನ್ ನಂಬರ್ ಕೊಟ್ಟು ಪಾರಾಗೋಣ ಅಂತ ಬರೆದುಕೊಡಬೇಡಿ.
- ಮತದಾರರ ಕಾರ್ಡು ಮನೆಗೆ ಬಂದರೆ ಖುಷಿಪಟ್ಟು ಫೋಟೋ ಹಾಕಬೇಡಿ. ಮೊದಲು ಇಮಿಗ್ರೇಶನ್ ವಕೀಲರನ್ನು ಕಾಣಿ. ಗುಂಪಿನಲ್ಲಿ ಕೇಳಬೇಡಿ, ನಾವ್ಯಾರೂ ವಕೀಲರಲ್ಲ.

ಕೋರ್ಟಿನಲ್ಲಿ ತೀರ್ಪುಗಾರರಾಗಿ ಕೂರಲು ಕರೆಯುವ ಜ್ಯೂರಿ ಡ್ಯೂಟಿಯ ಕಾಗದವೂ ಬರುತ್ತದೆ, ಆ ಪಟ್ಟಿಯನ್ನೂ ಲೈಸೆನ್ಸಿನಿಂದಲೇ ತೆಗೆಯುತ್ತಾರೆ. ಸಿಟಿಜನ್ ಅಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸಿ. ಕಸದ ಬುಟ್ಟಿಗೆ ಹಾಕಬೇಡಿ.

ದುಡ್ಡಿನ ವಿಷಯವೂ ಇಷ್ಟೇ ಬಿಗಿ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ವೀಸಾದಲ್ಲಿರುವವರು ಐದು ಡಾಲರ್ ಕೂಡ ಕೊಡುವ ಹಾಗಿಲ್ಲ, ನಗರದ ಮೇಯರ್ ಚುನಾವಣೆಗೂ ಇಲ್ಲ. ಪ್ರಚಾರ ನಿಧಿಯ ಊಟದ ಟಿಕೆಟ್ಟೂ ದೇಣಿಗೆಯೇ. ಗೆಳೆಯರು ಕರೆದರು, ಟೇಬಲ್ ತುಂಬಬೇಕಿತ್ತು ಅನ್ನೋದು ಕಾರಣ ಆಗೋದಿಲ್ಲ.

ಓಟಿಲ್ಲದಿದ್ದರೂ ಮಾಡಬಹುದಾದ್ದು

ಸಂಬಳ ಇಲ್ಲದೆ ಪ್ರಚಾರದಲ್ಲಿ ಕೆಲಸ ಮಾಡಬಹುದು. ಮನೆ ಬಾಗಿಲು ತಟ್ಟಿ ಕರಪತ್ರ ಹಂಚುವುದು, ಫೋನ್ ಮಾಡುವುದು ಎಲ್ಲ ಸರಿ. ಪ್ರಚಾರ ಹೇಗೆ ನಡೆಯಬೇಕು, ದುಡ್ಡು ಎಲ್ಲಿ ಸುರಿಯಬೇಕು ಅನ್ನುವ ತೀರ್ಮಾನದಲ್ಲಿ ಮಾತ್ರ ವೀಸಾದವರು ಕೈ ಹಾಕುವ ಹಾಗಿಲ್ಲ.

ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಸಭೆಗಳಿಗೆ ಹೋಗಿ ಮಾತಾಡಬಹುದು. 1976ರ ಓಪನ್ ಮೀಟಿಂಗ್ಸ್ ಆ್ಯಕ್ಟ್ ಪ್ರಕಾರ ಈ ಸಭೆಗಳು ಎಲ್ಲರಿಗೂ ತೆರೆದಿರಬೇಕು, ಬಂದವರಿಗೆ ಮಾತಾಡಲು ಸಮಯ ಕೊಡಬೇಕು. ಸಾಮಾನ್ಯವಾಗಿ ಮೂರು ನಿಮಿಷ. ಸನ್ಮಾನ್ಯ ಅಧ್ಯಕ್ಷರೇ, ವೇದಿಕೆ ಮೇಲಿರುವ ಗಣ್ಯರೇ ಅಂತ ಶುರು ಮಾಡಿದರೆ ಅದರಲ್ಲೇ ಅರ್ಧ ಮುಗಿಯುತ್ತದೆ. ವಿಷಯಕ್ಕೆ ಬನ್ನಿ. ಮಕ್ಕಳ ಬಸ್ ಸ್ಟಾಪ್ ಹೆದ್ದಾರಿ ಪಕ್ಕ ಇದೆ, ದೀಪಾವಳಿ ದಿನವೇ ಪರೀಕ್ಷೆ ಇಟ್ಟಿದ್ದಾರೆ, ಇಂಥದ್ದನ್ನು ಹೇಳಬೇಕಾದ ಜಾಗ ಅದು. ನಮ್ಮವರು ಅದನ್ನೆಲ್ಲ ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಒಂದು ಗಂಟೆ ಮಾತಾಡುತ್ತಾರೆ, ಒಳಗೆ ಹೋಗುವುದಿಲ್ಲ.

ಇನ್ನೊಂದು ಮರೆಯಬೇಡಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ಅಪ್ಪ ಅಮ್ಮ ಇನ್ನೂ ನಿಂತಿರುವಾಗಲೇ ಇಲ್ಲಿ ಹುಟ್ಟಿದ ಮಗಳಿಗೆ 18 ತುಂಬಿರುತ್ತದೆ. ಮನೆಯ ಮೊದಲ ಮತದಾರಳು ಅವಳು. ಇಂಥವರಿಗೇ ಓಟು ಹಾಕು ಅಂತ ಅವಳ ತಲೆ ತಿನ್ನಬೇಡಿ, ಆದರೆ ನೋಂದಣಿ ಆಗಿದೆಯಾ ಅಂತ ಖಂಡಿತ ಕೇಳಿ. 16 ತುಂಬಿದ ಸಿಟಿಜನ್ ಮಕ್ಕಳು ಮುಂಚಿತವಾಗಿ ಹೆಸರು ಬರೆಸಬಹುದು, ಮತಗಟ್ಟೆಯಲ್ಲಿ ಸಂಬಳಕ್ಕೆ ಕೆಲಸವನ್ನೂ ಮಾಡಬಹುದು.

ಸಿಟಿಜನ್ ಆದ ಮೇಲೆ

ಗ್ರೀನ್ ಕಾರ್ಡ್ ಬಂದು ಐದು ವರ್ಷಕ್ಕೆ ಅರ್ಜಿ, ಸಿಟಿಜನ್‌ನ ಮದುವೆಯಾಗಿ ಜೊತೆಗಿದ್ದರೆ ಮೂರು ವರ್ಷಕ್ಕೆ. ಪ್ರಮಾಣವಚನ ಆದ ದಿನ ಭಾರತದ ಓಟು ಹೋಯಿತು. ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅಲ್ಲಿ ಓಟಿಲ್ಲ. ಭಾರತದ ಪಾಸ್‌ಪೋರ್ಟ್ ಇನ್ನೂ ಇರುವವರು ಊರಿನ ಪಟ್ಟಿಯಲ್ಲಿ ಅನಿವಾಸಿ ಮತದಾರರಾಗಿ ಸೇರಬಹುದು, ಆದರೆ ಊರಿಗೆ ಹೋಗಿಯೇ ಹಾಕಬೇಕು.

- ನೋಂದಣಿ: ಚುನಾವಣೆಗೆ 15 ದಿನ ಇರುವವರೆಗೆ ಆನ್‌ಲೈನ್ ಅಥವಾ ಅಂಚೆ. ಆಮೇಲೆ ಕ್ಲರ್ಕ್ ಕಚೇರಿಗೇ ಹೋಗಬೇಕು, ವಿಳಾಸದ ದಾಖಲೆ ಬೇಕು. ಓಟಿನ ದಿನ ರಾತ್ರಿ 8ರವರೆಗೂ ಮಾಡಿಸಬಹುದು.
- ವಿಳಾಸ: ಲೈಸೆನ್ಸಿನದೂ ಮತದಾರರ ಪಟ್ಟಿಯದೂ ಒಂದೇ ಇರಬೇಕು. ಮನೆ ಬದಲಿಸಿದರೆ ಮೊದಲು ಇದು, ಆಮೇಲೆ ಗೃಹಪ್ರವೇಶ.
- ಬೇಗ ಓಟು: ರಾಜ್ಯಮಟ್ಟದ, ದೇಶಮಟ್ಟದ ಚುನಾವಣೆಗೆ ಮುಂಚೆ ಕನಿಷ್ಠ 9 ದಿನ. 2022ರಲ್ಲಿ ಜನರೇ ಓಟು ಹಾಕಿ ತಂದದ್ದು.
- ಮನೆಯಿಂದ ಓಟು: ಕಾರಣ ಹೇಳಬೇಕಿಲ್ಲ. ಓಟಿನ ದಿನ ರಾತ್ರಿ 8ರೊಳಗೆ ಕ್ಲರ್ಕ್ ಕೈ ಸೇರಬೇಕು.
- ಓಟಿನ ದಿನ: ಬೆಳಿಗ್ಗೆ 7ರಿಂದ ರಾತ್ರಿ 8. ಎಂಟಕ್ಕೆ ಸಾಲಿನಲ್ಲಿದ್ದರೆ ಸಾಕು.
- ಫೋಟೋ ಇರುವ ಗುರುತಿನ ಚೀಟಿ ಒಯ್ಯಿರಿ. ಮರೆತರೆ ಅಲ್ಲೇ ಪ್ರಮಾಣಪತ್ರಕ್ಕೆ ಸಹಿ ಹಾಕಿ ಓಟು ಹಾಕಬಹುದು.

ಸಹಿ ಬಗ್ಗೆ ಒಂದು ಮಾತು. ಮನೆಯಿಂದ ಕಳಿಸುವ ಲಕೋಟೆಯ ಮೇಲಿನ ಸಹಿಯನ್ನು ದಾಖಲೆಯ ಸಹಿಗೆ ಹೋಲಿಸುತ್ತಾರೆ. ಕನ್ನಡದಲ್ಲೇ ಇರಲಿ, ನಮಗೆ ಹೆಮ್ಮೆ. ಆದರೆ ಎರಡು ಕಡೆಯೂ ಕನ್ನಡದಲ್ಲೇ ಇರಲಿ.

ಮನೆ ಯಜಮಾನರೇ ಊಟದ ಮೇಜಿನ ಮೇಲೆ ಎಲ್ಲರ ಬ್ಯಾಲೆಟ್ ತುಂಬುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ನಿಲ್ಲಿಸಿ. ಅತ್ತೆಯವರ ಓಟು ಅತ್ತೆಯವರದ್ದೇ. ಅವರಿಗೆ ಇಂಗ್ಲಿಷ್ ಓದಲು ಬಾರದಿದ್ದರೆ ಮತಗಟ್ಟೆಯೊಳಗೆ ತಮಗೆ ಬೇಕಾದವರನ್ನು ಸಹಾಯಕ್ಕೆ ಕರೆದುಕೊಂಡು ಹೋಗಬಹುದು. ಕೆಲಸ ಕೊಟ್ಟ ಮಾಲೀಕರು, ಯೂನಿಯನ್‌ನವರು ಮಾತ್ರ ಆಗುವುದಿಲ್ಲ. ಓದಿ ಹೇಳಿ, ತೀರ್ಮಾನ ಅವರಿಗೆ ಬಿಡಿ.

ಆಗಸ್ಟ್ ತಿಂಗಳ ಓಟು

ಪಕ್ಷದ ಟಿಕೆಟ್ ಯಾರಿಗೆ ಅಂತ ಇಲ್ಲಿ ಹೈಕಮಾಂಡ್ ಹೇಳುವುದಿಲ್ಲ. ಹೆಚ್ಚಿನ ಹುದ್ದೆಗಳಿಗೆ ಆಗಸ್ಟ್‌ನಲ್ಲಿ ಜನರೇ ಓಟು ಹಾಕಿ ತೀರ್ಮಾನಿಸುತ್ತಾರೆ. ಅದಕ್ಕೇ ಪ್ರೈಮರಿ ಅನ್ನುವುದು. ನಮ್ಮವರಲ್ಲಿ ಎಷ್ಟೋ ಜನ ಆಗ ಊರಿಗೆ ಹೋಗಿರುತ್ತಾರೆ. ಒಂದು ಪಕ್ಷವೇ ಗೆಲ್ಲುವ ಕ್ಷೇತ್ರದಲ್ಲಿ ನವೆಂಬರ್ ಬರೀ ಶಾಸ್ತ್ರ, ನಿಜವಾದ ಆಟ ಆಗಸ್ಟ್‌ನಲ್ಲೇ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅವರನ್ನೇ ನೋಡಿ. 2018ರಲ್ಲಿ ಗವರ್ನರ್ ಆಗಲು ಹೊರಟು ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಸೋತರು. 2022ರಲ್ಲಿ ಡೆಟ್ರಾಯಿಟ್ ಕಡೆಯ ಕ್ಷೇತ್ರದಲ್ಲಿ ತುಂಬಾ ಜನ ನಿಂತಿದ್ದ ಪ್ರೈಮರಿಯಲ್ಲಿ ಮೂರರಲ್ಲೊಂದು ಪಾಲು ಓಟೂ ಇಲ್ಲದೆ ಗೆದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸೇರಿದರು. ಅವರ ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ, ಲೆಕ್ಕ ಗಮನಿಸಿ.

ಪಕ್ಷದ ಸದಸ್ಯರಾಗಬೇಕಿಲ್ಲ. ಆಗಸ್ಟ್‌ನ ಬ್ಯಾಲೆಟ್‌ನಲ್ಲಿ ಎರಡು ದೊಡ್ಡ ಪಕ್ಷಗಳ ಸಾಲು ಅಕ್ಕಪಕ್ಕ ಇರುತ್ತವೆ. ಒಂದನ್ನು ಆರಿಸಿ ಅದರಲ್ಲೇ ಇರಿ. ಒಳ್ಳೆಯವರು ಎಲ್ಲಿದ್ದರೇನು ಅಂತ ಅಲ್ಲೊಂದು ಇಲ್ಲೊಂದು ತುಂಬಿದರೆ ಪಕ್ಷದ ಓಟುಗಳೆಲ್ಲ ದಂಡ. ಮತಗಟ್ಟೆಯ ಯಂತ್ರ ಎಚ್ಚರಿಸುತ್ತದೆ, ಅಂಚೆ ಡಬ್ಬಿ ಎಚ್ಚರಿಸುವುದಿಲ್ಲ. ನವೆಂಬರ್‌ನಲ್ಲಿ ಹೇಗೆ ಬೇಕಾದರೂ ಬೆರೆಸಬಹುದು.

ಬ್ಯಾಲೆಟ್ ತಿರುಗಿಸಿ

ಅಧ್ಯಕ್ಷರ ಚುನಾವಣೆ ಬಗ್ಗೆ ನಾವು ಹೇಳಬೇಕಾದ್ದಿಲ್ಲ. ರಾಜ್ಯವಾರು ಹಂಚಿದ 538 ಎಲೆಕ್ಟೊರಲ್ ಓಟುಗಳಲ್ಲಿ 270 ಬೇಕು, ಮಿಶಿಗನ್‌ಗೆ 15. ಆದರೂ ನನ್ನ ಒಂದು ಓಟಿನಿಂದ ಏನಾಗುತ್ತೆ ಅನ್ನುವವರಿಗೆ: 2016ರಲ್ಲಿ ಇಡೀ ರಾಜ್ಯ 10,704 ಓಟುಗಳಿಂದ ಟ್ರಂಪ್ ಕಡೆಗೆ ವಾಲಿತು.

ನಮ್ಮ ಕೊರಗು ಬೇರೆ. ಹೆಸರಿನ ಪಕ್ಕ ಶಾಯಿ ತುಂಬುವ ಗುಂಡುಗಳಲ್ಲಿ ಮೇಲಿನ ಒಂದನ್ನು ಮಾತ್ರ ತುಂಬಿ, ಫೋಟೋ ತೆಗೆದುಕೊಂಡು ಬರುತ್ತಾರೆ. ಬ್ಯಾಲೆಟ್ ಉದ್ದ ಇದೆ ಸ್ವಾಮಿ, ಹಿಂದೆಯೂ ಇದೆ. ಒಂದೇ ಗುಂಡಿನಲ್ಲಿ ಇಡೀ ಪಕ್ಷಕ್ಕೆ ಓಟು ಹಾಕುವ ಅವಕಾಶವೂ ಇದೆ, ಆದರೆ ಪಕ್ಷವಿಲ್ಲದ ಹುದ್ದೆಗಳಿಗೆ ಅದು ತಲುಪುವುದಿಲ್ಲ. ಅವು ಖಾಲಿಯೇ ಉಳಿಯುತ್ತವೆ. ಯಾವುವು? ನ್ಯಾಯಾಧೀಶರು. ಹೌದು, ಇಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನವರನ್ನೂ ನಾವೇ ಆರಿಸಬೇಕು. ಸ್ಕೂಲ್ ಬೋರ್ಡು, ಲೈಬ್ರರಿ ಬೋರ್ಡು. ಆಮೇಲೆ ಪ್ರಪೋಸಲ್‌ಗಳು: ಶಾಲೆ ಕಟ್ಟಡಕ್ಕೆ ಸಾಲ ಎತ್ತಬೇಕೇ, ಪಾರ್ಕಿಗೆ ಮಿಲೇಜ್, ಅಂದರೆ ಮನೆ ತೆರಿಗೆಯ ದರ, ಇನ್ನಷ್ಟು ಏರಿಸಬೇಕೇ. ಇಂಥದ್ದಕ್ಕೆ ಒಮ್ಮೊಮ್ಮೆ ಮೇ ತಿಂಗಳಲ್ಲೇ ಓಟು ಇಟ್ಟುಬಿಡುತ್ತಾರೆ, ಬರುವವರು ಬೆರಳೆಣಿಕೆ. ಸ್ಕೂಲ್ ಡಿಸ್ಟ್ರಿಕ್ಟ್ ನೋಡಿಯೇ ಜಾಸ್ತಿ ದುಡ್ಡು ಸುರಿದು ಮನೆ ಕೊಳ್ಳುವವರು ನಾವು. ಅದನ್ನು ನಡೆಸುವವರ ಹೆಸರು ಗೊತ್ತಿರಬೇಡವೇ?

ಇನ್ನೊಂದು ಸಂಗತಿ ಕೇಳಿದರೆ ಎದ್ದು ಕೂರುತ್ತೀರಿ. ಆನ್ ಆರ್ಬರ್‌ನ ಯೂನಿವರ್ಸಿಟಿ ಆಫ್ ಮಿಶಿಗನ್ ನಡೆಸುವ ಎಂಟು ರೀಜೆಂಟ್‌ಗಳನ್ನೂ ರಾಜ್ಯದ ಜನರೇ ಎಂಟು ವರ್ಷದ ಅವಧಿಗೆ ಆರಿಸುತ್ತಾರೆ. ಮಿಶಿಗನ್ ಸ್ಟೇಟ್, ವೇಯ್ನ್ ಸ್ಟೇಟ್‌ಗೂ ಹಾಗೇ. ಆರನೇ ಕ್ಲಾಸಿನಿಂದಲೇ ಆ ಕಾಲೇಜಿನ ಜಪ ಮಾಡುವ ಅಪ್ಪಂದಿರು ಈ ಗುಂಡನ್ನು ಖಾಲಿ ಬಿಡುತ್ತಾರೆ.

ನಮೂನೆ ಬ್ಯಾಲೆಟ್ ರಾಜ್ಯದ ವೆಬ್‌ಸೈಟಿನಲ್ಲಿ ಮೊದಲೇ ಸಿಗುತ್ತದೆ. ಲೀಗ್ ಆಫ್ ವಿಮೆನ್ ವೋಟರ್ಸ್ ಅಭ್ಯರ್ಥಿಗಳ ಉತ್ತರಗಳನ್ನು ಪ್ರಕಟಿಸುತ್ತದೆ, ಅದನ್ನೂ ಓದಿ.

ಕೂಟದ ವೇದಿಕೆ

ನಮ್ಮದು ತೆರಿಗೆ ವಿನಾಯಿತಿ ಇರುವ ಸಂಸ್ಥೆ. ಯಾವ ಅಭ್ಯರ್ಥಿಯ ಪರವಾಗಿಯೂ ಕೂಟ ಮಾತಾಡುವ ಹಾಗಿಲ್ಲ. ದೀಪಾವಳಿಗೆ ಬಂದವರಿಗೆ ಮೈಸೂರು ಪೇಟ, ಶಾಲು ಹಾಕುತ್ತೇವೆ. ಇವರಿಗೇ ಓಟು ಹಾಕಿ ಅಂತ ಮೈಕಿನಲ್ಲಿ ಹೇಳುವುದಿಲ್ಲ. ಹೇಳಲು ಹೊರಟವರ ಮೈಕು ಕಿತ್ತುಕೊಳ್ಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ. ಗುಂಪಿನಲ್ಲಿಯೂ ಅಷ್ಟೇ. ಟ್ರಂಪ್, ಹ್ಯಾರಿಸ್ ಜಗಳ 2024ರಲ್ಲಿ ಆದದ್ದು ಸಾಕು. ಅದೇ ವರ್ಷ ಓಟು ಹಾಕಿದವರಿಗೆ ಕೊಟ್ಟ ಸ್ಟಿಕ್ಕರ್‌ನಲ್ಲಿ ಅಂಗಿ ಹರಿದುಕೊಂಡ ತೋಳ-ಮನುಷ್ಯನ ಚಿತ್ರವೂ ಇತ್ತು, ಬರೆದವಳು ಒಬ್ಬ ಶಾಲಾ ಹುಡುಗಿ. ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡದ್ದು ಅದೊಂದನ್ನೇ.

ಆಗಸ್ಟ್ ಮತ್ತು ನವೆಂಬರ್ ಓಟಿಗೆ ಮುಂಚಿನ ಶನಿವಾರಗಳಲ್ಲಿ ನಮೂನೆ ಬ್ಯಾಲೆಟ್ ಓದುವ ಸಭೆ ಇರುತ್ತದೆ. ಸಿಟಿಜನ್ ಅಲ್ಲದವರೂ ಬನ್ನಿ, ದೊಡ್ಡ ಮಕ್ಕಳನ್ನು ಕರೆತನ್ನಿ. ಕಾಫಿ ನಮ್ಮದು, ಕನ್ನಡಕ ನಿಮ್ಮದು. ಅಕ್ಷರ ಬಹಳ ಸಣ್ಣದು.