ದಡಕ್ಕೆ ಬಿದ್ದ ಡಾಲ್ಫಿನ್: ಮೊದಲು ಉಸಿರು ಎಣಿಸಿ

ದಡದಲ್ಲಿ ಒದ್ದಾಡುವ ಡಾಲ್ಫಿನ್ ಕಂಡರೆ ಬಾಲ ಹಿಡಿದು ನೀರಿಗೆ ಎಳೆದುಬಿಡೋಣ ಅನ್ನಿಸುತ್ತದೆ. ಅದನ್ನು ಮಾತ್ರ ಮಾಡಬೇಡಿ. ಬಾಲಕ್ಕೂ ಈಜುರೆಕ್ಕೆಗೂ ಪೆಟ್ಟಾಗುತ್ತದೆ. ಕಾಯಿಲೆಯಿಂದ ದಡ ಸೇರಿದ ಪ್ರಾಣಿಯನ್ನು ವಾಪಸ್ ತಳ್ಳಿದರೆ ಅದು ಮತ್ತೆ ದಡಕ್ಕೇ ಬರಬಹುದು, ಇಲ್ಲವೇ ಮುಳುಗಬಹುದು. ಮೊದಲು ವನ್ಯಜೀವಿ ಇಲಾಖೆಗೋ ರಕ್ಷಣಾ ತಂಡಕ್ಕೋ ಫೋನ್ ಮಾಡಿ, ಜಾಗ ಹೇಳಿ.

ಅವರು ಬರುವವರೆಗೆ ಒದ್ದೆ ಬೆಡ್‌ಶೀಟ್ ಹೊದಿಸಿ, ಬಿಸಿಲಿದ್ದರೆ ನೆರಳು ಮಾಡಿ. ಹೊಟ್ಟೆ ಕೆಳಗಾಗಿ ನೆಟ್ಟಗಿರಲಿ. ಈಜುರೆಕ್ಕೆಗಳ ಕೆಳಗೆ ಮರಳು ತೋಡಿ ಗುಂಡಿ ಮಾಡಿದರೆ ಅವು ಮಡಚಿಕೊಳ್ಳುವುದಿಲ್ಲ. ಬಾಲದ ಹತ್ತಿರ ನಿಲ್ಲಬೇಡಿ, ಜನರನ್ನೂ ನಾಯಿಗಳನ್ನೂ ದೂರವಿಡಿ.

ಸ್ವಯಂಸೇವಕನಾಗಿ ಮೊದಲ ಸಲ ಹೋದಾಗ ನಾನು ಬಕೆಟ್ ನೀರನ್ನು ಸೀದಾ ನೆತ್ತಿಗೇ ಸುರಿಯಹೊರಟಿದ್ದೆ. ಪಕ್ಕದಲ್ಲಿದ್ದ ಹಿರಿಯರು ಮಣಿಕಟ್ಟು ಹಿಡಿದರು: "ಮೂಗಿರೋದು ಅಲ್ಲೇ ಕಣೋ!" ಆಗಲೇ ಅದು ಫುಸ್ ಎಂದು ಉಸಿರುಬಿಟ್ಟು, ಒಂದು ಗುಕ್ಕು ಗಾಳಿ ಎಳೆದು, ರಂಧ್ರವನ್ನು ಮುಚ್ಚಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಆ ರಂಧ್ರಕ್ಕೆ ನೀರಾಗಲಿ ಬಟ್ಟೆಯಾಗಲಿ ಮರಳಾಗಲಿ ತಾಗಕೂಡದು. ನೀವೂ ಅದರ ಉಸಿರಿನ ನೇರಕ್ಕೆ ಮುಖ ಒಡ್ಡಬೇಡಿ, ಸೋಂಕು ತಗಲಬಹುದು.

ಆ ಫುಸ್ಸನ್ನು ಎಣಿಸಿ. ನಿಮಿಷಕ್ಕೆ ಎಷ್ಟು ಸಲ ಎಂದು ಸಮಯದ ಜೊತೆ ಪೆನ್ಸಿಲ್‌ನಲ್ಲಿ ಬರೆಯಿರಿ; ಒದ್ದೆ ಕೈಗೆ ಪೆನ್ನೂ ಫೋನೂ ಒಗ್ಗುವುದಿಲ್ಲ. ಲೆಕ್ಕ ಏರುತ್ತಾ ಹೋದರೆ ಪ್ರಾಣಿ ಗಾಬರಿಯಲ್ಲಿದೆ. ಹಿಂದೆ ಸರಿಯಿರಿ, ಮಾತು ನಿಲ್ಲಿಸಿ. ಗಾಬರಿಯೇ ಕೊಲ್ಲಬಹುದು. 30ಕ್ಕೂ ಕಡಿಮೆ ಉಳಿದಿದ್ದ ವಕೀಟಾಗಳನ್ನು (ಡಾಲ್ಫಿನ್‌ನ ಪುಟ್ಟ ಬಂಧುಗಳು) ಹಿಡಿದು ಸಾಕಲು 2017ರಲ್ಲಿ ಮೆಕ್ಸಿಕೋದ ಕಡಲಲ್ಲಿ ಪರಿಣತರೇ ಇಳಿದರು. ಪಶುವೈದ್ಯರ ತಂಡವೇ ಜೊತೆಗಿದ್ದರೂ ಹಿಡಿದ ಹೆಣ್ಣೊಂದು ಕೆಲವೇ ಗಂಟೆಗಳಲ್ಲಿ ಸತ್ತಿತು, ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿದರು. ವಕೀಟಾಗಳ ಕುತ್ತಿಗೆಗೆ ಬಂದಿದ್ದು ಟೊಟೊವಾಬಾ ಮೀನಿಗೆ ಹಾಕಿದ ಗಿಲ್‌ನೆಟ್ ಬಲೆ. ಆ ಬಲೆ ನೀರಲ್ಲಿರುವವರೆಗೆ ದಡದ ನಮ್ಮ ಕೆಲಸ ಅರ್ಧವೇ ಎಂಬುದು ನನ್ನ ಅನಿಸಿಕೆ.

ದಡದಲ್ಲಿರುವುದು ಸೀಲ್ (ಕಡಲನಾಯಿ) ಆದರೆ ವಿಷಯವೇ ಬೇರೆ. ಅದು ದಡದಲ್ಲಿ ಮಲಗುವುದು ಸಹಜ; ಗಾಯ ಕಾಣದಿದ್ದರೆ ದೂರದಿಂದ ನೋಡಿಕೊಂಡಿದ್ದರೆ ಸಾಕು.

ಡಾಲ್ಫಿನ್‌ನ ಬೆನ್ನಿನ ರೆಕ್ಕೆಯ ಫೋಟೊವನ್ನು ಎರಡೂ ಬದಿಯಿಂದ ತೆಗೆಯಿರಿ. ಅದರ ಅಂಚಿನ ಕಚ್ಚುಗಳೇ ಸಂಶೋಧಕರಿಗೆ ಬೆರಳಚ್ಚು. ಹಳೆಯ ಚಿತ್ರಗಳೊಂದಿಗೆ ಹೋಲಿಸಿ ಗುರುತು ಹಿಡಿಯುತ್ತಾರೆ. ಸತ್ತಿದ್ದರೂ ಹೂಳಲು ಅವಸರ ಬೇಡ. ಸೀಳಿದ ಹಲ್ಲಿನ ಪದರಗಳಿಂದ ವಯಸ್ಸು, ಹೊಟ್ಟೆಯಿಂದ ಆಹಾರ, ಚರ್ಮದಿಂದ ವಂಶವಾಹಿ ತಿಳಿಯುತ್ತದೆ. ಮೈಮೇಲಿನ ಬಲೆಯ ಗೀರು ಸಾವಿನ ಸುಳಿವೂ ಆಗಬಹುದು.

ವೈದ್ಯರು ಬಂದಾಗ ಕಥೆ ಹೇಳಲು ಹೋಗಬೇಡಿ, ಉಸಿರಿನ ಲೆಕ್ಕದ ಚೀಟಿ ಕೊಡಿ. ಆಮೇಲೆ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಳ್ಳಿ.